ಬಾಳೆಯೋ ಬಳೆಯೋ

"ಅಕ್ಕೋರೇ, ನೀವು ಕಾಣ್ತ್ರಿ, ಆದ್ರೆ ಕೇಳ್ಸೂದಿಲ್ಲ."

ನಮ್ಮ ಕಡೆ ಶಾಲೆಯ ಮಕ್ಕಳು ಶಿಕ್ಷಕಿಯನ್ನು 'ಅಕ್ಕೋರು' ಎಂದೇ ಕರೆಯುವುದು. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಆ ಕರೆಗೆ ಓಗೊಟ್ಟವಳು ನಾನು. ತರಗತಿಯ ಕೊನೆಯ ಬೆಂಚಿನವರೆಗಷ್ಟೇ ಅಲ್ಲ, ಆಚೆ ಕೋಣೆಯ ಗಣಿತದ ಮಾಸ್ತರರಿಗೂ ನನ್ನ ದನಿ ಕೇಳುತ್ತದೆಂಬ ಖ್ಯಾತಿ ನನ್ನದು. ಅಂಥವಳಿಗೆ 2020ರ ಜುಲೈ ತಿಂಗಳ ಒಂದು ಬೆಳಿಗ್ಗೆ, ಮೊಬೈಲಿನ ಅಂಗೈಯಗಲದ ಗಾಜಿನೊಳಗಿಂದ ಹುಡುಗನೊಬ್ಬ ಹೀಗೆಂದಾಗ ನನಗೆ ಸಿಟ್ಟು ಬಂದದ್ದು ಸಹಜವೇ. "ನಿನ್ನ ನೆಟ್‌ವರ್ಕ್ ಸರಿ ಇಲ್ಲ ಕಾಣ್ತದೆ, ನೋಡ್ಕೋ" ಎಂದು ಗದರಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ವಿಸ್ತರಿಸಿ ಬರೆಸಿದ್ದೆನೋ! ನನ್ನ ಪಾಲಿಗೆ ಅದು ನೆನಪಾಗಲು ಮಾತ್ರ ಒಂದು ತಿಂಗಳು ಹಿಡಿಯಿತು.

ಶಿರಸಿಯಿಂದ ಯಾಣದ ದಿಕ್ಕಿಗೆ ಹೊರಟರೆ ಸಿಗುವ ಊರು ನಮ್ಮ ಹೆಗಡೆಕಟ್ಟಾ. ಊರೆಂದರೆ ನೀವು ಪೇಟೆಯವರು ಅಂದುಕೊಳ್ಳುವಂತೆ ಸಾಲು ಮನೆಗಳಲ್ಲ. ಇಲ್ಲೊಂದು ಮನೆ, ಅದರ ಕೆಳಗೊಂದು ಅಡಿಕೆ ತೋಟ, ಮೇಲೊಂದು ಸೊಪ್ಪಿನ ಬೆಟ್ಟ. ಮತ್ತೆ ಏರು, ಮತ್ತೆ ಇಳಿವು, ಅಲ್ಲೊಂದು ಮನೆ. ತೋಟವಿರುವುದು ಕಣಿವೆಯಲ್ಲಿ, ಮೊಬೈಲಿನ ಸಂಕೇತ ಹರಿಯುವುದು ಗುಡ್ಡದ ನೆತ್ತಿಯಲ್ಲಿ. ಹೀಗಾಗಿ ನಮ್ಮಲ್ಲಿ ಪ್ರತಿ ಮನೆಗೂ 'ನೆಟ್‌ವರ್ಕ್ ಸಿಗುವ ಜಾಗ' ಎಂಬುದೊಂದು ಇರುತ್ತದೆ. ನಮ್ಮ ಮನೆಯಲ್ಲಿ ಅದು ಜಗಲಿಯ ಬಲಗಡೆಯ ಕಿಟಕಿ. ಕೆಲವರಿಗೆ ಹಿತ್ತಲ ಹಲಸಿನ ಬುಡ. ಇನ್ನು ಕೆಲವರಿಗೆ ಅರ್ಧ ಮೈಲಿ ಮೇಲಿನ ಬೇಣ.

2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡದ್ದು ನಿಮಗೆಲ್ಲ ನೆನಪಿದೆ. ಮುಂದೂಡಲ್ಪಟ್ಟ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ರಿಂದ ಹೇಗೋ ನಡೆದು, ನಾವು ಮುಖಗವಸು ಹಾಕಿಕೊಂಡು ಕೊಠಡಿಯ ಮೇಲ್ವಿಚಾರಣೆ ಮುಗಿಸಿ ಬಂದೆವು. ಮುಂದಿನ ಹತ್ತನೆಯ ತರಗತಿಯ ಮಕ್ಕಳು ಮಾತ್ರ ಮನೆಯಲ್ಲೇ ಕುಳಿತಿದ್ದರು. ಬೆಂಗಳೂರಿನಲ್ಲಿ ಎಲ್ಲರೂ ಆನ್‌ಲೈನ್ ಪಾಠ ಮಾಡುತ್ತಾರಂತೆ, ನಾವೂ ಮಾಡೋಣ ಎಂದು ಶಾಲೆಯಲ್ಲಿ ಮಾತಾಯಿತು. ಕನ್ನಡ ನನ್ನ ಪಾಲಿನ ವಿಷಯ. ಮೊದಲ ಪಾಠಕ್ಕೆ ನಾನು ಆರಿಸಿಕೊಂಡದ್ದು ಛಂದಸ್ಸು: ಲಘು, ಗುರು, ಪ್ರಸ್ತಾರ.

ಪಾಠಕ್ಕೆ ನಾನು ಮಾಡಿಕೊಂಡ ತಯಾರಿಯನ್ನು ಹೇಳಿದರೆ ನೀವು ನಗುತ್ತೀರಿ. ಸಣ್ಣ ಚೌಕುಳಿಯ ಇಳಕಲ್ಲು ಸೀರೆ ಉಟ್ಟೆ. ಕೈತುಂಬ ಬಳೆ ತೊಟ್ಟೆ. ಜಗಲಿಯ ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರು ತೆಗೆಸಿದೆ. ಕಿಟಕಿಗೆ ಬೆನ್ನು ಹಾಕಿ ಕುಳಿತರೆ ಹಿಂದೆ ಹಸಿರು ತೋಟ ಕಾಣುತ್ತದೆ, ಚಂದ ಇರುತ್ತದೆಂದು ಹಾಗೆಯೇ ಕುಳಿತೆ. ಫೋನನ್ನು ಆರಡಿ ದೂರದ ಸ್ಟೂಲಿನ ಮೇಲೆ, ಕವಳದ ಬಟ್ಟಲಿಗೆ ಒರಗಿಸಿ ನಿಲ್ಲಿಸಿದ್ದಾಯಿತು. ಮೇಲೆ ಫ್ಯಾನು, ಹೊರಗೆ ಆಷಾಢದ ಮಳೆ, ಹಂಚಿನ ಮಾಡಿನಿಂದ ಸುರಿಯುವ ನೀರಿನ ಸದ್ದು, ಒಳಗೆ ಮಿಕ್ಸರಿನಲ್ಲಿ ತೆಂಗಿನಕಾಯಿ ರುಬ್ಬುವ ಸದ್ದು. ಇಷ್ಟರ ನಡುವೆ ನಾನು ಶಾಲೆಯಲ್ಲಿ ಕೂಗುವಂತೆ ಕೂಗಿ ಪಾಠ ಮಾಡಿದೆ. ಕಣ್ಣಿಗೆ ಮಾಡಬೇಕಾದ ಅಲಂಕಾರವನ್ನೆಲ್ಲ ಮಾಡಿದ್ದೆ, ಕಿವಿಗೆ ಏನನ್ನೂ ಮಾಡಿರಲಿಲ್ಲ.

ನೇರ ತರಗತಿ ಎರಡು ವಾರ ಕುಂಟಿತು. ನಲವತ್ತು ಮಕ್ಕಳಲ್ಲಿ ಹದಿನೈದು ಬಂದರೆ ಹೆಚ್ಚು, ಅವರಲ್ಲಿ ಕೊನೆಯವರೆಗೆ ಉಳಿದವರು ಏಳೆಂಟು. ಹಾಗಾದರೆ ಪಾಠವನ್ನು ಮೊದಲೇ ಚಿತ್ರೀಕರಿಸಿ ವಾಟ್ಸಪ್ಪಿಗೆ ಹಾಕಿದರಾಯಿತು, ನೆಟ್ ಸಿಕ್ಕಾಗ ನೋಡಿಕೊಳ್ಳುತ್ತಾರೆ ಎಂದುಕೊಂಡೆ. ಮಳೆ ಬಿಟ್ಟ ಒಂದು ಮಧ್ಯಾಹ್ನ ತೋಟದ ದಂಡೆಯಲ್ಲೇ ನಿಂತು ಹತ್ತು ನಿಮಿಷದ ಪಾಠ ತೆಗೆಸಿದೆ. ಚಿತ್ರ ಫೋನಿನಲ್ಲಿ ಸಿನಿಮಾದಂತೆ ಕಂಡಿತು. ಅದರ ತೂಕ ನೋಡಿದರೆ ಒಂದು ಜೀಬಿಗೂ ಮೇಲೆ! ಆಗ ವಾಟ್ಸಪ್ಪಿನಲ್ಲಿ ಒಂದು ವಿಡಿಯೋಗೆ 16 ಎಂಬಿಯ ಮಿತಿ. ಮನೆಯವರು ಎಲ್ಲಿಂದಲೋ ಒಂದು ಉಪಾಯ ಕಲಿತು ಅದನ್ನು ಹಿಂಡಿ ಹಿಪ್ಪೆ ಮಾಡಿ 16ರೊಳಗೆ ಕೂರಿಸಿದರು. ಕೂರಿಸಿದ ಮೇಲೆ ನೋಡಿದರೆ ನನ್ನ ಮುಖ ಚೌಕಚೌಕದ ಬಿಸ್ಕತ್ತುಗಳಾಗಿ ಒಡೆದಿತ್ತು, ಸೀರೆಯ ಚೌಕುಳಿಗಳು ಬಣ್ಣಬಣ್ಣದ ಅಲೆಗಳಾಗಿ ಈಜುತ್ತಿದ್ದವು. "ಪಾಠ ಯಾರು ಮಾಡ್ತಾ ಇದ್ದ ಹೇಳಿ ಗೊತ್ತಾಗ್ತಿಲ್ಲೆ, ಹೆಸರು ಬರೆದುಬಿಡು" ಎಂದರು ಮನೆಯವರು.

ಆ ವರ್ಷ ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತುಕೊಂಡು ಊರಿಗೆ ಬಂದ ಹುಡುಗರು ಒಬ್ಬಿಬ್ಬರಲ್ಲ. ನನ್ನ ಮೈದುನನ ಮಗನೂ ಬಂದಿದ್ದ. ಅವನ ಕೆಲಸವೇ ಹಾಡು, ಚಿತ್ರ, ಭಾಷಣಗಳನ್ನು ಅಂತರ್ಜಾಲದಲ್ಲಿ ಹರಿಯಬಿಡುವುದಕ್ಕೆ ಸಂಬಂಧಿಸಿದ್ದು. ನನ್ನ ವಿಡಿಯೋ ನೋಡಿ ಅವನು ನಗಲಿಲ್ಲ. ಅದು ಅವನ ದೊಡ್ಡ ಗುಣ.

"ದೊಡ್ಡಾಯಿ, ನಿನ್ನ ಹಿಂದೆ ತೋಟ ಅಲುಗಾಡ್ತಾ ಇದ್ದಲ, ಅದೇ ಎಲ್ಲಾ ಎಂಬಿ ತಿಂದು ಹಾಕ್ತಾ ಇದ್ದು" ಎಂದ.

ಅವನು ಬಿಡಿಸಿ ಹೇಳಿದ್ದು ಹೀಗೆ. ವಿಡಿಯೋ ಎಂದರೆ ಒಂದು ಸೆಕೆಂಡಿಗೆ ಇಪ್ಪತ್ತೈದೋ ಮೂವತ್ತೋ ಬಿಡಿ ಚಿತ್ರಗಳು. ಅಷ್ಟನ್ನೂ ಪೂರ್ತಿಯಾಗಿ ಕಳಿಸುತ್ತ ಕುಳಿತರೆ ಯಾವ ತಂತಿಯೂ ಸಾಲದು. ಆದ್ದರಿಂದ ಮೊದಲು ಒಂದು ಚಿತ್ರವನ್ನು ಪೂರ್ತಿ ಕಳಿಸಿ, ಆಮೇಲೆ ಅದರಲ್ಲಿ ಬದಲಾದದ್ದನ್ನು ಮಾತ್ರ ಕಳಿಸುತ್ತಾರೆ. ಆಗಾಗ ಮತ್ತೊಂದು ಪೂರ್ತಿ ಚಿತ್ರ. ಹಿಂದೆ ಬೋಳು ಗೋಡೆಯಿದ್ದರೆ ಬದಲಾಗುವುದು ನಿಮ್ಮ ತುಟಿ, ಕೈ, ಕಣ್ಣು ಮಾತ್ರ. ಹಿಂದೆ ಗಾಳಿಗೆ ತೂಗುವ ಅಡಿಕೆ ಸೋಗೆಗಳಿದ್ದರೆ ಪ್ರತಿ ಎಲೆಯೂ ಪ್ರತಿ ಕ್ಷಣವೂ ಬದಲು! ಇರುವ ಹಿಡಿ ಅಕ್ಕಿಯಲ್ಲಿ ಆ ಸಾವಿರ ಎಲೆಗಳಿಗೆ ಬಡಿಸಿ ಉಳಿದದ್ದು ನಿಮ್ಮ ಮುಖಕ್ಕೆ. ಮುಖ ಬಿಸ್ಕತ್ತಾಗದೆ ಏನಾದೀತು? ಚೌಕುಳಿ ಸೀರೆಯ ಕತೆಯೂ ಅಷ್ಟೆ. ಅದರ ಒತ್ತೊತ್ತಾದ ಗೆರೆಗಳಿಗೂ ಕ್ಯಾಮೆರಾದ ಒಳಗಿನ ಚುಕ್ಕಿಗಳ ಸಾಲಿಗೂ ಹೊಂದದೆ, ಇಲ್ಲದ ಅಲೆಗಳು ಕಾಣತೊಡಗುತ್ತವೆ.

ನಾನು ಬಿ.ಎ. ಓದಿದವಳಾದರೂ ಗುಣಾಕಾರಕ್ಕೆ ಹೆದರುವವಳಲ್ಲ. ಹಳೆಯ ನೋಟುಪುಸ್ತಕ ತಂದು ಅವನಿಂದ ಲೆಕ್ಕ ಹೇಳಿಸಿಕೊಂಡು ಬರೆದೆ. ಎಂಟು ಬಿಟ್ಟಿಗೆ ಒಂದು ಬೈಟು. ಸೆಕೆಂಡಿಗೆ ಹತ್ತು ಲಕ್ಷ ಬಿಟ್ಟಿನ ಸಾಧಾರಣ ವಿಡಿಯೋ ಹತ್ತು ನಿಮಿಷಕ್ಕೆ 75 ಎಂಬಿ. ಬರಿಯ ಮಾತನ್ನು ಸೆಕೆಂಡಿಗೆ 64 ಸಾವಿರ ಬಿಟ್ಟಿನಲ್ಲಿ ಉಳಿಸಿದರೆ ಅದೇ ಹತ್ತು ನಿಮಿಷಕ್ಕೆ 4.8 ಎಂಬಿ. ಎಂದರೆ ಚಿತ್ರವನ್ನು ಬಿಟ್ಟು ದನಿಯನ್ನಷ್ಟೇ ಕಳಿಸಿದರೆ ಹೊರೆ ಹದಿನೈದನೆಯ ಒಂದು ಪಾಲು. ಈ ಲೆಕ್ಕವನ್ನು ನಾನು ಬರೆದುಕೊಂಡೆ, ಕೆಳಗೆರಡು ಗೆರೆಯನ್ನೂ ಎಳೆದೆ. ಆದರೆ ಅದರ ಅರ್ಥ ಆಗಲೂ ನನಗೆ ಹೊಳೆಯಲಿಲ್ಲ. ನನಗಾಗ ಬೇಕಿದ್ದದ್ದು ಮುಖ ಚಂದ ಕಾಣುವ ದಾರಿ.

ಅರ್ಥ ಹೊಳೆದದ್ದು ಆಗಸ್ಟಿನಲ್ಲಿ. ಸರಕಾರ 'ವಿದ್ಯಾಗಮ' ಎಂಬ ಯೋಜನೆ ತಂದಿತು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ದೇವಸ್ಥಾನದ ಜಗಲಿಯಲ್ಲೋ ಮರದಡಿಯಲ್ಲೋ ನಾಲ್ಕಾರು ಮಂದಿಯನ್ನು ಕೂರಿಸಿಕೊಂಡು ಕಲಿಸಬೇಕು. ನಾನೂ ಕೊಡೆ ಹಿಡಿದು, ಕಾಲಿಗೆ ಉಂಬಳ ಹತ್ತದಂತೆ ಸುಣ್ಣ ತಂಬಾಕು ಬಳಿದುಕೊಂಡು ಹೊರಟೆ. ನಮ್ಮ ಶಾಲೆಗೆ ದಿನವೂ ಮೂರು ಮೈಲಿ ನಡೆದು ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ತಂದೆ ತಾಯಿ ಇಬ್ಬರೂ ತೋಟದ ಕೂಲಿಗೆ ಹೋಗುವವರು. ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ, ಆದರೆ ಅಕ್ಷರ ಮುತ್ತು ಪೋಣಿಸಿದಂತೆ. ಅವಳ ಮನೆಯ ಜಗಲಿಯಲ್ಲಿ ಕುಳಿತು ಅವಳ ಪಟ್ಟಿ ತೆರೆದೆ.

ಛಂದಸ್ಸಿನ ಪುಟ ಅಚ್ಚುಕಟ್ಟಾಗಿತ್ತು. ಕೆಂಪು ಶಾಯಿಯಲ್ಲಿ ತಲೆಬರಹ, ಅಡ್ಡಗೆರೆ, ಪ್ರತಿ ಅಕ್ಷರದ ನೆತ್ತಿಯ ಮೇಲೆ ಲಘು ಗುರುವಿನ ಗುರುತು. ಮೊದಲ ಪದ: 'ಬಳೆ'. ಅದರ ಮೇಲೆ ಗುರು, ಲಘು ಎಂದು ಗುರುತು ಹಾಕಿದ್ದಳು.

"ಬಳೆಗೆ ಗುರು ಹೇಗೆ ಬಂತೇ? ಎರಡೂ ಹ್ರಸ್ವ ಅಲ್ವಾ?" ಎಂದೆ.

"ನೀವೇ ಹಾಗೆ ಹೇಳಿದ್ರಿ ಅಕ್ಕೋರೇ."

ಕೆಳಗೆ ನೋಡಿದೆ. 'ಕಡು' ಎಂದು ಬರೆದು ಅದಕ್ಕೂ ಗುರು, ಲಘು. 'ಮಲೆ'ಗೂ ಗುರು, ಲಘು. ಪುಟದ ಕೊನೆಗೆ ಚೌಕಟ್ಟಿನೊಳಗೆ ಒಂದು ಸೂತ್ರ: 'ಪದದ ಮೊದಲ ಅಕ್ಷರ ಯಾವಾಗಲೂ ಗುರು.'

ಹೊಟ್ಟೆಯೊಳಗೆ ಏನೋ ಕದಡಿದಂತಾಯಿತು. ನಾನು ಆ ದಿನ ಹೇಳಿದ್ದು 'ಬಾಳೆ'. ಹೇಳಿದ್ದು 'ಕಾಡು', ಹೇಳಿದ್ದು 'ಮಾಲೆ'. ಮೊದಲಕ್ಷರ ದೀರ್ಘ, ಆದ್ದರಿಂದ ಗುರು. ಅವಳು ಅಪ್ಪನ ಫೋನು ಹಿಡಿದು, ಮನೆಯ ಹಿಂದಿನ ಬೇಣ ಹತ್ತಿ, ಕಂಬಳಿಕೊಪ್ಪೆಯೊಳಗೆ ಕುಳಿತು ಕೇಳಿದ್ದಳು. ದನಿ ಹೆಚ್ಚು ಕೇಳಲೆಂದು ಫೋನನ್ನು ಸ್ಟೀಲಿನ ಲೋಟದೊಳಗೆ ಇಟ್ಟುಕೊಳ್ಳುತ್ತಿದ್ದಳಂತೆ. ನೇರ ಪ್ರಸಾರದಲ್ಲಿ ದನಿ ಚೂರುಚೂರಾಗಿ ಪೊಟ್ಟಣ ಕಟ್ಟಿಕೊಂಡು ಬರುತ್ತದೆ; ಸಂಕೇತ ಸೊರಗಿದರೆ ನಡುವಿನ ಪೊಟ್ಟಣಗಳು ದಾರಿಯಲ್ಲೇ ಬಿದ್ದುಹೋಗುತ್ತವೆ. ಆರಡಿ ದೂರದಿಂದ ಮಳೆ, ಫ್ಯಾನು, ಮಿಕ್ಸರುಗಳ ಜೊತೆ ಕಲಸಿಕೊಂಡು ಹೊರಟ ನನ್ನ 'ಬಾ' ದಾರಿಯಲ್ಲಿ ಬಾಲ ಕಳೆದುಕೊಂಡು, 'ಬ' ಆಗಿ ಬೇಣ ತಲುಪಿತ್ತು. ಛಂದಸ್ಸಿನ ಪಾಠದಲ್ಲಿ ಒಂದು ಮಾತ್ರೆ ಹೋದರೆ ಉಳಿಯುವುದೇನು?

ಆದರೆ ನನ್ನನ್ನು ಚುಚ್ಚಿದ್ದು ಅದಲ್ಲ. ಎಸ್ಸೆಸ್ಸೆಲ್ಸಿಗೆ ಬಂದ ಹುಡುಗಿಗೆ 'ಬ' ಹ್ರಸ್ವವೆಂದು ಗೊತ್ತಿಲ್ಲವೇ? ಗೊತ್ತಿತ್ತು. ಅವಳೇ ಆಮೇಲೆ ಹೇಳಿದಳು. "ನನ್ಗೆ ತಪ್ಪು ಅನಿಸ್ತು ಅಕ್ಕೋರೇ. ಆದ್ರೆ ನೀವು ಹೇಳಿದ್ದು ತಪ್ಪಿರೂದಿಲ್ಲ ಅಂತ ಮಾಡಿ, ಸೂತ್ರ ಹಾಗೇ ಇರಬೇಕು ಅಂತ ಬರ್ಕಂಡೆ." ತನ್ನ ಕಿವಿಗೆ ಬಿದ್ದದ್ದನ್ನೂ ನನ್ನ ಮೇಲಿನ ವಿಶ್ವಾಸವನ್ನೂ ಹೊಂದಿಸಲು ಅವಳು ತನ್ನ ತಿಳಿವನ್ನೇ ಅಳಿಸಿಹಾಕಿದ್ದಳು. ಕೇಳದೇ ಇದ್ದರೆ ಮಗು ಇನ್ನೊಮ್ಮೆ ಕೇಳುತ್ತದೆ. ಅರ್ಧ ಕೇಳಿದರೆ ಉಳಿದರ್ಧವನ್ನು ತಾನೇ ಕಟ್ಟಿಕೊಳ್ಳುತ್ತದೆ. ಅದಕ್ಕೆ ಹೊಣೆ ಯಾರು? ನಾನು ಆ ದಿನ ಸೀರೆಗೆ ಕಳೆದ ಹೊತ್ತಿನಲ್ಲಿ ಕಾಲುಭಾಗವನ್ನು ದನಿಗೆ ಕೊಟ್ಟಿದ್ದರೆ!

ಅಂದು ಸಂಜೆ ಮನೆಗೆ ಬಂದವಳೇ ಮಾಣಿಗೆ ಹೇಳಿದೆ: "ಮುಖದ ಮಾತು ಬಿಡು. ನನ್ನ ದನಿ ಸರಿ ಮಾಡಿಕೊಡು."

ಮನೆಯಲ್ಲಿ ಯಾವ ಕೋಣೆಯಲ್ಲಿ ಪ್ರತಿಧ್ವನಿ ಕಡಿಮೆ ಎಂದು ನೋಡಲು ಅವನು ಕೋಣೆಕೋಣೆಗೆ ಹೋಗಿ ಚಪ್ಪಾಳೆ ತಟ್ಟಿದ. ಜಗಲಿಯಲ್ಲಿ ತಟ್ಟಿದರೆ ಸದ್ದಿಗೊಂದು ಬಾಲ ಉಳಿಯುತ್ತಿತ್ತು. ಬೋಳು ಗೋಡೆ, ಸಿಮೆಂಟಿನ ನೆಲ ದನಿಯನ್ನು ಹಿಂದಕ್ಕೆ ಎಸೆಯುತ್ತವೆ; ಹಿಂದಿನ ಅಕ್ಷರದ ಮರುದನಿ ಮುಂದಿನ ಅಕ್ಷರದ ಮೇಲೆ ಬಿದ್ದು ಎರಡೂ ಕಲಸಿಹೋಗುತ್ತವೆ. ಕೊನೆಗೆ ಉಗ್ರಾಣಕ್ಕೆ ಹೋಗಿ ತಟ್ಟಿದ. ಚಪ್ ಎಂದು ಸದ್ದು ಅಲ್ಲೇ ಸತ್ತಿತು. ದರ ಬರಲೆಂದು ಕಾದಿಟ್ಟ ಚಾಲಿ ಅಡಿಕೆಯ ಮೂಟೆಗಳು ಮೂರು ಕಡೆ ಗೋಡೆಯಂತೆ ಒಟ್ಟಿದ್ದವು. ಗೋಣಿಚೀಲ ದನಿಯನ್ನು ನೀರು ಕುಡಿದಂತೆ ಕುಡಿಯುತ್ತದೆ. ನಾಲ್ಕನೆಯ ಕಡೆಗೆ ಎರಡು ಕಂಬಳಿ ಇಳಿಬಿಟ್ಟೆವು. ಕಾಸು ಖರ್ಚಿಲ್ಲದೆ ಹೆಗಡೆಕಟ್ಟಾದಲ್ಲಿ ಒಂದು ಧ್ವನಿಮುದ್ರಣ ಕೇಂದ್ರ ಸಿದ್ಧವಾಯಿತು!

ಇದನ್ನೆಲ್ಲ ನೋಡುತ್ತಿದ್ದ ಮಾವನವರಿಗೆ ಎಲ್ಲಿಲ್ಲದ ಹುರುಪು ಬಂತು. ಎಂಬತ್ತು ದಾಟಿದ ಜೀವ. ಹರೆಯದಿಂದಲೂ ತಾಳಮದ್ದಲೆಯಲ್ಲಿ ಅರ್ಥ ಹೇಳಿದವರು. ತಾಳಮದ್ದಲೆಯೆಂದರೆ ನಿಮಗೆ ಗೊತ್ತೇ ಇದೆ: ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಲೆ, ಮತ್ತೆ ಮಾತು. ಕೃಷ್ಣನಾಗಲಿ ಕೌರವನಾಗಲಿ ಪಂಚೆ ಶಾಲಿನಲ್ಲೇ ಕುಳಿತು ಬರಿಯ ಮಾತಿನಿಂದ ಕಿರೀಟ ಕಟ್ಟಿಕೊಳ್ಳಬೇಕು. ಧಾರವಾಡದ ಆಕಾಶವಾಣಿ 1950ರಷ್ಟು ಹಿಂದೆಯೇ ಶುರುವಾದದ್ದು. ಮಾವನವರ ತಂಡ ಎಷ್ಟೋ ವರ್ಷಗಳ ಹಿಂದೆ ಒಮ್ಮೆ ಅಲ್ಲಿಗೆ ಮುದ್ರಣಕ್ಕೆ ಹೋಗಿತ್ತು. ಆ ಒಂದು ದಿನದ ಅನುಭವವನ್ನು ಅವರು ಮನೆಗೆ ಬಂದ ಎಲ್ಲರಿಗೂ ಬಡಿಸುತ್ತಿದ್ದರು. ನಾನು ಎಷ್ಟು ಸಲ ಕೇಳಿದ್ದೆನೋ, ಕಿವಿಗೆ ಹಾಕಿಕೊಂಡದ್ದು ಮಾತ್ರ ಆಗಲೇ.

"ತಂಗೀ, ಸಭೆಗೆ ಕೂಗವು, ಮೈಕಿಗೆ ಹೇಳವು" ಎಂದರು. ಸಭೆಯಲ್ಲಿ ಕೊನೆಯ ಸಾಲಿನವನಿಗೆ ಮಾತು ಮುಟ್ಟಬೇಕು, ಆದ್ದರಿಂದ ಗಂಟಲು ಬೇಕು. ಮೈಕೆಂದರೆ ನಿನ್ನ ಪಕ್ಕದಲ್ಲೇ ಕುಳಿತ ಒಬ್ಬನೇ ಕೇಳುಗ. ಅವನಿಗೆ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಅಲ್ಲಿಯ ಅಧಿಕಾರಿಗಳು ಇವರಿಗೆ ಹೇಳಿದ್ದರಂತೆ: ಕಾಗದ ಸರಸರ ಎನ್ನಿಸಬೇಡಿ, ಮೈಕಿನ ನೇರಕ್ಕೆ ಬಾಯಿ ಇಡಬೇಡಿ, ತುಸು ಓರೆಯಾಗಿ ಮಾತಾಡಿ, ಇಲ್ಲವಾದರೆ 'ಪ', 'ಭ' ಎಂದಾಗಲೆಲ್ಲ ಉಸಿರು ಬಡಿದು ಗುಡುಗಿದಂತಾಗುತ್ತದೆ. ನನ್ನ ಮೈದುನನ ಮಗ ಬೆಂಗಳೂರಿನಲ್ಲಿ ಕಲಿತು ಬಂದದ್ದೂ ಅಕ್ಷರಶಃ ಇದೇ. ಅಜ್ಜ ಮೊಮ್ಮಗ ಇಬ್ಬರೂ ಒಂದೇ ಶಾಸ್ತ್ರ ಹೇಳುವುದನ್ನು ನಮ್ಮ ಮನೆಯಲ್ಲಿ ನಾನು ಕಂಡದ್ದು ಅದೇ ಮೊದಲು.

ಮಾಣಿ ಕೆಲವು ನೂರು ರೂಪಾಯಿಯ, ಸೆರಗಿಗೆ ಸಿಕ್ಕಿಸುವ ಪುಟ್ಟ ಮೈಕು ತರಿಸಿಕೊಟ್ಟ. ಬಾಯಿಂದ ಒಂದು ಗೇಣು ಕೆಳಗೆ ಅದರ ಜಾಗ. ದೂರ ಅರ್ಧವಾದರೆ ನೇರ ಬರುವ ದನಿಯ ತೀವ್ರತೆ ನಾಲ್ಕು ಪಟ್ಟಾಗುತ್ತದಂತೆ. ಆರಡಿಯಿಂದ ಒಂದು ಗೇಣಿಗೆ ಬಂದರೆ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ. ಸುತ್ತಲಿನ ಸದ್ದು ಇದ್ದಷ್ಟೇ ಇರುತ್ತದೆ, ನಿಮ್ಮ ದನಿ ಮಾತ್ರ ಅದರ ಮೇಲೆ ಎದ್ದು ನಿಲ್ಲುತ್ತದೆ. ಹಾಗೆಂದು ದನಿಯ ಮಟ್ಟ ತೋರಿಸುವ ಪಟ್ಟಿಯನ್ನು ತುದಿಗೆ ಮುಟ್ಟಿಸಬಾರದು. ಹಾಲು ಉಕ್ಕಿದ ಮೇಲೆ ಮತ್ತೆ ಪಾತ್ರೆಗೆ ತುಂಬಲಾಗದು. ಮೈಕಿನಲ್ಲಿ ಮಿತಿ ಮೀರಿ ಒಡೆದ ದನಿಯೂ ಹಾಗೆಯೇ. ಪಾತ್ರೆಯಲ್ಲಿ ಮುಕ್ಕಾಲು ಭಾಗಕ್ಕೆ ನಿಲ್ಲಿಸಬೇಕು.

ಆ ದಿನದಿಂದ ಧ್ವನಿಮುದ್ರಣಕ್ಕೆ ಮುಂಚೆ ನಾನು ಬಳೆ ಕಳಚಿಡತೊಡಗಿದೆ. ಫ್ಯಾನು, ಫ್ರಿಜ್ಜು ಬಂದ್. ಸಂಜೆಯಾದರೆ ಜೀರುಂಡೆ, ಮಧ್ಯಾಹ್ನವಾದರೆ ಮಳೆ. ಆದ್ದರಿಂದ ಬೆಳಗಿನ ಜಾವ ಐದು ಗಂಟೆಯೇ ಪ್ರಶಸ್ತ. ಶುರುವಿಗೆ ಹತ್ತು ಸೆಕೆಂಡು ಸುಮ್ಮನೆ ಕೂರಬೇಕು. ಕೋಣೆಯ ಆ ಮೌನವನ್ನು ಗುರುತಿಸಿಕೊಂಡು ಆಮೇಲೆ ಯಂತ್ರದಲ್ಲಿ ಹಿನ್ನೆಲೆಯ ಗುಂಯ್ ಸದ್ದನ್ನು ತೆಗೆಯಬಹುದು. ಆದರೆ ತೆಗೆಯುವ ಆಸೆ ಅತಿಯಾದರೆ ದನಿ ನೀರಿನೊಳಗಿಂದ ಬಂದಂತಾಗುತ್ತದೆ. ಕಸ ಆಮೇಲೆ ಗುಡಿಸುವುದಕ್ಕಿಂತ ಮೊದಲೇ ಬೀಳದಂತೆ ನೋಡಿಕೊಳ್ಳುವುದು ಜಾಣತನ. ಇದನ್ನು ನಮ್ಮಂಥ ಗೃಹಿಣಿಯರಿಗೆ ಯಾರೂ ಕಲಿಸಬೇಕಿಲ್ಲ.

ಇನ್ನೊಂದು ಸಂಗತಿ ಕನ್ನಡದ ಶಿಕ್ಷಕಿಯಾದ ನನಗೆ ತುಂಬ ಬೆಲೆಯುಳ್ಳದ್ದೆನಿಸಿತು. ಹಳೆಯ ಟೆಲಿಫೋನು ಸೆಕೆಂಡಿಗೆ 300ರಿಂದ 3400 ಕಂಪನಗಳವರೆಗಿನ ದನಿಯನ್ನಷ್ಟೇ ಸಾಗಿಸುತ್ತಿತ್ತು. ನಮ್ಮ 'ಸ'ಕಾರದ ಸೀಟಿಯಂಥ ಸದ್ದಿನ ಬಹುಪಾಲು ಇರುವುದು ಅದಕ್ಕೂ ಮೇಲೆ. ಅದಕ್ಕೇ ಫೋನಿನಲ್ಲಿ ಹೆಸರು ಹೇಳುವಾಗ "ಸ, ಸರಸ್ವತಿಯ ಸ" ಎಂದು ಕೂಗಬೇಕಾಗುತ್ತಿದ್ದದ್ದು. ದನಿಯನ್ನು ಅತಿಯಾಗಿ ಹಿಂಡಿದರೂ ಮೊದಲು ಸಾಯುವುದು ಇದೇ. 'ಸ', 'ಶ', 'ಷ'ಗಳ ಭೇದ, 'ಕ', 'ಖ'ಗಳ ಉಸಿರು. ಬೇರೆ ಯಾರಿಗಾದರೂ ಇದು ಸಣ್ಣ ನಷ್ಟ. ಅಲ್ಪಪ್ರಾಣ ಮಹಾಪ್ರಾಣ ಕಲಿಸುವವಳಿಗೆ ಇದೇ ಪ್ರಾಣ. ಆದ್ದರಿಂದ ಹೊರೆ ಇಳಿಸಲೇಬೇಕಾದರೆ ಚಿತ್ರದಿಂದ ಇಳಿಸು, ದನಿಗೆ ಕೈ ಹಾಕಬೇಡ ಎಂಬುದು ನಮ್ಮ ಮನೆಯ ಕಾನೂನಾಯಿತು.

ಚಿತ್ರವನ್ನು ಪೂರ್ತಿ ಕೈಬಿಟ್ಟೆನೆಂದಲ್ಲ. ಪ್ರಸ್ತಾರ ಹಾಕುವುದನ್ನು ಕಣ್ಣಿಗೆ ತೋರಿಸಲೇಬೇಕು. ಅದಕ್ಕೆ ಕಿಟಕಿಯನ್ನು ಬೆನ್ನಿಗಲ್ಲ, ಎದುರಿಗೆ ಇಟ್ಟುಕೊಂಡೆ. ಬೆಳಕು ಹಿಂದಿದ್ದರೆ ಮುಖ ಕಪ್ಪು ಬೊಂಬೆ, ಮುಂದಿದ್ದರೆ ಕಣ್ಣು ಸಹ ಮಾತಾಡುತ್ತದೆ. ಹಿಂದೆ ತಿಳಿ ಬಣ್ಣದ ಬರಿ ಗೋಡೆ, ಮೈಮೇಲೆ ಒಂದೇ ಬಣ್ಣದ ಹತ್ತಿ ಸೀರೆ. ಅಡಿಕೆ ದಬ್ಬೆಯನ್ನು ಕಟ್ಟಿ ಮಾಡಿದ ಮೂರು ಕಾಲಿನ ಮೇಲೆ ಅಲುಗದಂತೆ ಫೋನು. ಟ್ಯೂಬ್‌ಲೈಟಿನಲ್ಲಿ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಓಡಾಡುತ್ತಿದ್ದವು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ, ಕ್ಯಾಮೆರಾಕ್ಕೂ ಅದೇ 50ನ್ನು ಹೇಳಿಕೊಟ್ಟ ಮೇಲೆ ಪಟ್ಟೆಗಳು ಹೋದವು. ಹಲಗೆಯ ಮೇಲಿನ ಅಕ್ಷರಗಳನ್ನು ಅಂಗೈಯಗಲ ಬರೆದೆ. ದೊಡ್ಡ ಪರದೆಯವರನ್ನು ಮರೆತು, ಒಡೆದ ಗಾಜಿನ ಚಿಕ್ಕ ಫೋನಿನವರನ್ನು ನೆನೆದು ಬರೆಯಬೇಕು.

ಹೀಗೆ ಒಂದು ಪಾಠಕ್ಕೆ ಮೂರು ರೂಪ ಕೊಟ್ಟೆವು. ಯೂಟ್ಯೂಬಿಗೆ ಒಂದು ಒಳ್ಳೆಯ ಪ್ರತಿ. ಅಲ್ಲಿ ಅದನ್ನು ಅವರೇ ಹಲವು ಗಾತ್ರಗಳಲ್ಲಿ ಇಟ್ಟುಕೊಂಡು, ನೋಡುವವರ ಸಂಕೇತ ಸೊರಗಿದಾಗ ಚಿಕ್ಕದನ್ನು, ಚೇತರಿಸಿದಾಗ ದೊಡ್ಡದನ್ನು ಹರಿಸುತ್ತಾರೆ. ವಾಟ್ಸಪ್ಪಿಗೆ ನಾಲ್ಕು ನಿಮಿಷದ ಚಿಕ್ಕ ತುಂಡುಗಳು. ಮೂರನೆಯದು ಬರಿಯ ದನಿ, ಎಂಪಿ3 ರೂಪದಲ್ಲಿ. ಇದನ್ನು ಕೀಪ್ಯಾಡಿನ ಹಳೆಯ ಫೋನೂ ಹಾಡುತ್ತದೆ. ಹತ್ತಾರು ಪಾಠಗಳನ್ನು ಒಂದು ಮೆಮೊರಿ ಕಾರ್ಡಿಗೆ ತುಂಬಿ, ಊರೊಳಗೆ ಓಡಾಡುವವರ ಕೈಯಲ್ಲಿ ಕಳಿಸಿದರೆ ನೆಟ್‌ವರ್ಕಿನ ಹಂಗೇ ಇಲ್ಲ. ದನಿಗೆಂದೇ ಪಾಠವನ್ನು ಬೇರೆ ರೀತಿ ಹೇಳಬೇಕಾಯಿತು. 'ಇಲ್ಲಿ ನೋಡಿ' ಎನ್ನುವಂತಿಲ್ಲ. "ಬಾಳೆ, ಬಾಳೆಹಣ್ಣಿನ ಬಾಳೆ. ಬಾ ದೀರ್ಘ, ಗುರು. ಳೆ ಹ್ರಸ್ವ, ಲಘು. ಈಗ ಬಳೆ, ಕೈಗೆ ಹಾಕುವ ಬಳೆ. ಎರಡೂ ಲಘು." ಪ್ರತಿ ಪದವನ್ನೂ ಅದರ ಅರ್ಥದ ಜೊತೆ ಕಟ್ಟಿ ಕಳಿಸಿದೆ, ದಾರಿಯಲ್ಲಿ ಬಾಲ ಉದುರಿದರೂ ಗುರುತು ಸಿಗಲೆಂದು.

ಆ ಮಳೆಗಾಲದಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲೂ ಮಕ್ಕಳಿಗೆ ಪಾಠಗಳು ಬರುತ್ತಿದ್ದವು. ಅವುಗಳ ದನಿ ನಿಚ್ಚಳ, ಚಿತ್ರ ಸ್ವಚ್ಛ. ನಮ್ಮ ಉಗ್ರಾಣ ಅದಕ್ಕೆ ಸಮನೇ? ಆದರೆ ನಮ್ಮ ಕಡೆ ಮಳೆಗೂ ಕರೆಂಟಿಗೂ ಹಗೆ. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ವಿದ್ಯಾಗಮವೂ ನಿಂತಿತು. 2021ರ ಜನವರಿಯಲ್ಲಿ ಶಾಲೆಯ ಬಾಗಿಲು ತೆರೆಯುವವರೆಗೆ ಆ ಮಕ್ಕಳಿಗೆ ನಾನು ಬರಿಯ ದನಿಯಾಗಿದ್ದೆ. ಮನೆಗಳಲ್ಲಿ ತಾಯಂದಿರೂ ಅಡಿಕೆ ಸುಲಿಯುತ್ತ ಕೇಳುತ್ತಿದ್ದರಂತೆ. "ನಮ್ಗೂ ಲಘು ಗುರು ಬಂತು ಅಕ್ಕೋರೇ" ಎಂದು ಒಬ್ಬಾಕೆ ಸೊಸೈಟಿಯ ಹತ್ತಿರ ಸಿಕ್ಕಾಗ ನಕ್ಕಳು. ನನಗೆ ಸಿಕ್ಕ ಯಾವ ಪ್ರಶಸ್ತಿಪತ್ರದಲ್ಲೂ ಅಷ್ಟು ಒಳ್ಳೆಯ ವಾಕ್ಯವಿಲ್ಲ.

ಆ ಹುಡುಗಿ ತನ್ನ ಸೂತ್ರದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆದಳು. ಎರಡನೆಯ ಅಲೆ ಬಂದು, ಪರೀಕ್ಷೆ ಮುಂದಕ್ಕೆ ಹೋಗಿ, 2021ರ ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಬಹು ಆಯ್ಕೆಯ ಪ್ರಶ್ನೆಗಳಿಂದ ಎಲ್ಲ ಮುಗಿದುಹೋಯಿತು. ಅವಳು ಶಿರಸಿಯ ಕಾಲೇಜಿಗೆ ಸೇರಿದಳು. ಒಳ್ಳೆಯದಾಯಿತು ಎಂದು ಮುಗಿಸಿಬಿಡಲು ನನಗೆ ಮನಸ್ಸಾಗುವುದಿಲ್ಲ. ಅವಳದ್ದು ನನ್ನ ಕಣ್ಣಿಗೆ ಬಿದ್ದ ಒಂದು ಪಟ್ಟಿ. ನಾನು ತೆರೆದು ನೋಡದೇ ಹೋದ ಪಟ್ಟಿಗಳು ಎಷ್ಟು? ಅವುಗಳ ಚೌಕಟ್ಟಿನೊಳಗೆ ನನ್ನ ಹೆಸರಿನಲ್ಲಿ ಯಾವ ಯಾವ ಸೂತ್ರಗಳಿದ್ದವೋ.

ಈಗ ನಮ್ಮ ಕಡೆ ಉಪನಯನ, ಮದುವೆ, ತಾಳಮದ್ದಲೆ ಎಲ್ಲವೂ 'ಲೈವ್'. ಪರದೇಶದಲ್ಲಿರುವ ಮಕ್ಕಳು ನೋಡಲೆಂದು ಸಾವಿರಾರು ರೂಪಾಯಿಯ ಕ್ಯಾಮೆರಾ ತರಿಸುತ್ತಾರೆ. ಅದರಲ್ಲಿ ಭಟ್ಟರ ಮಂತ್ರ ಕೇಳುವುದಿಲ್ಲ, ಪಾತ್ರೆಗಳ ಸದ್ದು ಕೇಳುತ್ತದೆ. ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವುದು ಇಷ್ಟೇ: ಸಭೆಯ ಮೈಕಿನ ಪೆಟ್ಟಿಗೆಯಿಂದಲೇ ಒಂದು ವಯರು ಎಳೆದು ಕ್ಯಾಮೆರಾಕ್ಕೆ ಕೊಡಿ, ಹಿಂದಿನ ದಿನವೇ ಹತ್ತು ನಿಮಿಷ ಹರಿಯಬಿಟ್ಟು, ಬೇರೆ ಊರಿನವರೊಬ್ಬರಿಂದ ಕೇಳಿಸಿ ನೋಡಿ. ಚಿತ್ರ ತುಸು ಮಸುಕಾದರೆ ಜನ ಸಹಿಸುತ್ತಾರೆ. ಮಾತು ಕಡಿದರೆ ಎದ್ದು ಹೋಗುತ್ತಾರೆ.

ಮಾವನವರು 2022ರ ಮಳೆಗಾಲದಲ್ಲಿ ತೀರಿಕೊಂಡರು. ಅವರ ಅರ್ಥಗಾರಿಕೆಯ ಹಳೆಯ ಕ್ಯಾಸೆಟ್ಟುಗಳು ಬೂಸು ಹಿಡಿದು ಅಂಟಿಕೊಂಡಿವೆ. ವರ್ಷಾಂತಿಕಕ್ಕೆ ಮಾಣಿ ಬಂದಾಗ ತನ್ನ ಲ್ಯಾಪ್‌ಟಾಪು ತೆರೆದು ಏನೋ ಹುಡುಕಿದ. ಉಗ್ರಾಣದಲ್ಲಿ ಮೈಕಿನ ಮಟ್ಟ ಸರಿಪಡಿಸುವಾಗ ಪ್ರತಿ ಸಲವೂ "ಅಜ್ಜ, ಎಂತಾದ್ರೂ ಹೇಳು" ಎಂದು ಅವರನ್ನು ಕೂರಿಸುತ್ತಿದ್ದ. ಅವರು ಒಂದೊಂದು ದಿನ ಕರ್ಣನಾಗಿ, ಭೀಷ್ಮನಾಗಿ ಎರಡೆರಡು ನಿಮಿಷ ಮಾತಾಡುತ್ತಿದ್ದರು. ಪರೀಕ್ಷೆಗೆಂದು ತೆಗೆದು ಬಿಸಾಡಬೇಕಾದ ಆ ತುಂಡುಗಳನ್ನು ಅವನು ಬಿಸಾಡಿರಲಿಲ್ಲ. ಹಚ್ಚಿದ. ಮೊದಲು ಹತ್ತು ಸೆಕೆಂಡಿನ ಮೌನ. ಅದರೊಳಗೆ ಅವರ ಉಸಿರು, ಕವಳ ಜಗಿಯುವ ಸಣ್ಣ ಸದ್ದು. ಆಮೇಲೆ ಕುಟುಂಬವೆಲ್ಲ ಕುಳಿತ ಜಗಲಿಯ ನಡುವೆ ಆ ದನಿ, ಒಂದು ಮಾತ್ರೆಯೂ ಕಡಿಯದೆ, 'ಸ'ಕಾರ 'ಶ'ಕಾರಗಳೊಂದಿಗೆ.

"ತಂಗೀ, ಕೇಳ್ತಾ ಇದ್ದ ಸರಿಯಾಗಿ?"

ತುಂಡಿನ ಕೊನೆಗೆ ಅವರು ಕೇಳಿದ್ದು ನನ್ನನ್ನು. ಅಂದು ಕಂಬಳಿಯ ಆಚೆ ನಿಂತು ನಾನು ಏನು ಉತ್ತರ ಕೊಟ್ಟೆನೋ, ಅದು ಮುದ್ರಣದಲ್ಲಿ ಇಲ್ಲ. ನಾನು ಮೈಕಿನಿಂದ ದೂರವಿದ್ದೆ.